ಹೆಸರೊಂದು, ಅಂಗಳ ಹಲವು

ಬೆಂಗಳೂರಿನ ಬಸವನಗುಡಿಯಲ್ಲಿ ದೊಡ್ಡ ಬಸವಣ್ಣನ ಪಾದಮೂಲದಲ್ಲಿ ಜನಿಸುವುದೆಂದು ಹಿರಿಯರು ನಂಬಿಕೊಂಡು ಬಂದಿರುವ ವೃಷಭಾವತಿಯು, ದೊಡ್ಡ ಗಣೇಶನ ಗುಡಿಯ ನೆರೆಯಿಂದ ಹೊರಟು, ಕೆಂಗೇರಿಯನ್ನು ಹಾದು, ಬಿಡದಿಗೆ ಅನತಿದೂರದಲ್ಲಿರುವ ನಮ್ಮ ಬೈರಮಂಗಲದ ಕೆರೆಗೆ ಬಂದು ನಿಲ್ಲುತ್ತದೆ. ಅಲ್ಲಿಂದ ಮುಂದೆ ಅರ್ಕಾವತಿಯನ್ನು ಕೂಡಿಕೊಂಡು ಕಾವೇರಿಯ ಪಾಲಾಗುತ್ತದೆ. ಇಂದು ಆ ಹೊಳೆಯು ನಮಗೆ ತಂದೊಪ್ಪಿಸುವುದು ಮಹಾನಗರವು ಉಪಯೋಗಿಸಿ ಬಿಟ್ಟ ಕೊಳೆನೀರನ್ನೂ ಕೋಡಿಯ ಬಳಿ ರಾಶಿಯಾಗಿ ಏಳುವ ಬಿಳಿಯ ನೊರೆಯನ್ನೂ ಎಂಬುದನ್ನು ನೆನೆದರೆ ಮನಸ್ಸು ಕುಂದುತ್ತದೆ. ಆದರೆ ನಾನು ಈಗ ಹೇಳಹೊರಟಿರುವುದು ನೀರಿನ ಮಾತಲ್ಲ, ಹೆಸರಿನ ಮಾತು. ದೊಡ್ಡ ಗಣೇಶನೆಂಬ ಹೆಸರು ಈ ಪ್ರಬಂಧದಲ್ಲಿ ಇನ್ನೊಮ್ಮೆ ಬರುವುದರಿಂದ ಓದುಗರು ಅದನ್ನು ನೆನಪಿನಲ್ಲಿಟ್ಟುಕೊಳ್ಳಬೇಕೆಂದಷ್ಟೇ ಇಲ್ಲಿ ಬೇಡುತ್ತೇನೆ.

ನಾನು ಮಾಧ್ಯಮಿಕ ಶಾಲೆಯಲ್ಲಿ ಓದುತ್ತಿದ್ದಾಗ ಒಂದು ವರ್ಷ, ಊರಹಬ್ಬದ ಮಾರನೆಯ ದಿನ, ಕೆರೆಯ ಏರಿಯ ಕೆಳಗಿನ ಬಯಲಿನಲ್ಲಿ ಆಟೋಟಗಳು ನಡೆದುವು. ಅಕ್ಷರ ದುಂಡಗಿದೆಯೆಂಬ ಕಾರಣಕ್ಕಾಗಿ ಗೆದ್ದವರ ಪಟ್ಟಿಯನ್ನು ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಕಬಡ್ಡಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡಿದವನೆಂದು ಒಬ್ಬ ಬೈರಣ್ಣನೂ, ಗುಂಡುಕಲ್ಲನ್ನು ಹೆಗಲಿಗೇರಿಸಿ ಹಿಂದಕ್ಕೆಸೆಯುವ ಪಂದ್ಯದಲ್ಲಿ ಇನ್ನೊಬ್ಬ ಬೈರಣ್ಣನೂ ಮೊದಲಿಗರಾದರು. ನಾನು ರೂಲು ಹಾಕಿದ ಪುಸ್ತಕದ ಎರಡು ಸಾಲುಗಳಲ್ಲಿಯೂ ‘ಬೈರಣ್ಣ’ ಎಂದಷ್ಟೇ ಬರೆದುಬಿಟ್ಟಿದ್ದೆ. ದೀಪ ಹಚ್ಚುವ ಹೊತ್ತಿಗೆ ಬಹುಮಾನ ಹಂಚುವುದು ಆರಂಭವಾಗಿ, ಧ್ವನಿವರ್ಧಕದಲ್ಲಿ ಆ ಹೆಸರು ಕೇಳಿಸಿದೊಡನೆ, ಮೊಣಕಾಲಿನವರೆಗೆ ಕೆಮ್ಮಣ್ಣು ಮೆತ್ತಿಕೊಂಡಿದ್ದ ಒಬ್ಬನೂ, ಅಂಗೈ ಸುಲಿದು ಪಂಚೆಯ ಚೂರನ್ನು ಸುತ್ತಿಕೊಂಡಿದ್ದ ಮತ್ತೊಬ್ಬನೂ, ಏಕಕಾಲದಲ್ಲಿ ಎದ್ದು ಬಂದು ನಿಂತರು. ಕೊಡುವವರ ಕೈಯಲ್ಲಿದ್ದುದು ಒಂದೇ ಹಿತ್ತಾಳೆಯ ಚೊಂಬು. ಅರಳಿಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರೊಬ್ಬರು ನನ್ನ ಕಡೆಗೆ ತಿರುಗಿ, “ಬರೀ ಬೈರ ಅಂತ ಬರದ್ರೆ ಅರ್ಧ ಊರೇ ಎದ್ದು ಬತ್ತದೆ ಕಣ್ ಮಗ, ಯಾರ ಮನೆ ಬೈರ ಅಂತ ಬರಿ” ಎಂದರು. ಆ ಮಾತನ್ನು ನಾನು ಇಷ್ಟು ವರ್ಷಗಳಾದರೂ ಮರೆತಿಲ್ಲ. ಕ್ರೀಡಾಪಟುಗಳ ಹೆಸರುಗಳನ್ನು ವೃತ್ತಪತ್ರಿಕೆಯಲ್ಲಿ ಓದುವಾಗಲೆಲ್ಲ, ಬೇರೆ ಬೇರೆ ಆಟಗಳಲ್ಲಿ ಒಂದೇ ಹೆಸರಿನವರು ಇಬ್ಬರು ಮೂವರು ಎದ್ದು ನಿಂತಾಗಲೆಲ್ಲ, ಅದು ಮತ್ತೆ ಕಿವಿಯಲ್ಲಿ ಕೇಳಿಸುತ್ತದೆ.

ಬೈರನ ಹೆಸರು ನಮ್ಮ ಸೀಮೆಯಲ್ಲಿ ಒಬ್ಬ ವ್ಯಕ್ತಿಯ ಸ್ವತ್ತಾಗಿ ಎಂದೂ ಇದ್ದುದಿಲ್ಲ. ಭೈರವನು ಒಕ್ಕಲುಮಕ್ಕಳ ನಾಲಗೆಯಲ್ಲಿ ತನ್ನ ಮಹಾಪ್ರಾಣವನ್ನೂ ಕಡೆಯ ವಕಾರವನ್ನೂ ಬಿಟ್ಟುಕೊಟ್ಟು ಬೈರನಾದನು. ಆದಿಚುಂಚನಗಿರಿಯ ಕಾಲಭೈರವನಿಗೆ ನಡೆದುಕೊಳ್ಳುವ ಮನೆಗಳಲ್ಲಿ ಬೈರಪ್ಪ, ಬೈರಯ್ಯ, ಬೈರೇಗೌಡ, ಬೈರಮ್ಮ ಎಂದು ಮಕ್ಕಳಾಗಿ ಹುಟ್ಟಿದನು. ಪೂರ್ವಕಾಲದಲ್ಲಿ ದತ್ತಿಯಾಗಿ ಬಿಟ್ಟ ಗ್ರಾಮಗಳಿಗೆ ಬಹುಮಟ್ಟಿಗೆ ಸೇರಿಕೊಳ್ಳುತ್ತಿದ್ದ ‘ಮಂಗಲ’ವೆಂಬ ಪದದೊಡನೆ ಕೂಡಿ ನಮ್ಮ ಊರೂ ಆದನು. ಆವತಿಯ ನಾಡಪ್ರಭುಗಳ ಮೂಲಪುರುಷನೆಂದು ಹೇಳಲ್ಪಡುವ ರಣಭೈರೇಗೌಡನ ಹೆಸರಿನಲ್ಲಿಯೂ ಇದೇ ದೈವವಿದೆ. ಆ ಪೀಳಿಗೆಯಿಂದ ಯಲಹಂಕದವರು ಬಂದರು. ಯಲಹಂಕದವರಲ್ಲಿ 1537ರಲ್ಲಿ ಬೆಂಗಳೂರಿಗೆ ಕೋಟೆ ಕಟ್ಟಿಸಿದನೆಂದು ಖ್ಯಾತನಾದ ಕೆಂಪೇಗೌಡನು ಬಂದನು. ಅವನ ತರುವಾಯ ಇಮ್ಮಡಿ ಕೆಂಪೇಗೌಡನು, ಆಮೇಲೆ ಮತ್ತೆ ಕೆಂಪರು. 1728ರಲ್ಲಿ ಮಾಗಡಿಯು ಮೈಸೂರಿನವರ ವಶವಾಗುವ ತನಕ ಆ ಮನೆತನದಲ್ಲಿ ಕೆಂಪನೆಂಬ ಹೆಸರು ಗದ್ದುಗೆಯಂತೆಯೇ ಒಬ್ಬನಿಂದ ಒಬ್ಬನಿಗೆ ಇಳಿದು ಬಂದಿತು. ‘ಇಮ್ಮಡಿ’ ಎಂಬ ನಮ್ಮ ಮಾತನ್ನು ಗಮನಿಸಬೇಕು. ಅದು ಎರಡನೆಯವನೆಂಬ ಬರಿಯ ಎಣಿಕೆಯನ್ನು ಹೇಳುವುದಿಲ್ಲ; ಎರಡರಷ್ಟಾಯಿತು ಎನ್ನುತ್ತದೆ. ಅದೇ ಹೆಸರು ಮರಳಿ ಬಂದುದನ್ನು ನಮ್ಮ ಪೂರ್ವಿಕರು ವೃದ್ಧಿಯೆಂದು ತಿಳಿದಿದ್ದರೇ ಹೊರತು ಗೊಂದಲವೆಂದು ತಿಳಿದಿರಲಿಲ್ಲ.

ಬೆಂಗಳೂರಿನ ಕಾಲ್ಚೆಂಡಾಟಗಾರ ಎಂ. ಕೆಂಪಯ್ಯನವರು 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿಯೂ 1960ರ ರೋಮ್ ಒಲಿಂಪಿಕ್ಸಿನಲ್ಲಿಯೂ ಭಾರತದ ತಂಡದಲ್ಲಿದ್ದರು. ಮೆಲ್ಬರ್ನ್‌ನಲ್ಲಿ ಭಾರತವು ನಾಲ್ಕನೆಯ ಸ್ಥಾನವನ್ನು ಪಡೆಯಿತು. ಒಲಿಂಪಿಕ್ ಕಾಲ್ಚೆಂಡಾಟದಲ್ಲಿ ನಮ್ಮ ದೇಶವು ಅದಕ್ಕಿಂತ ಮೇಲೆ ಏರಿದುದೇ ಇಲ್ಲ. ಮಾಗಡಿಯ ಕೋಟೆಯಲ್ಲಿ ಗೌಡನೆಂಬ ಗೌರವದೊಡನೆ ನಿಂತಿದ್ದ ಹೆಸರು, ಎರಡು ಶತಮಾನಗಳನ್ನು ಕಳೆದು, ಅಯ್ಯನೆಂಬ ಗೌರವದೊಡನೆ ದಕ್ಷಿಣ ಗೋಲಾರ್ಧದ ಹುಲ್ಲಿನ ಮೇಲೆ ಓಡಿತೆಂದು ಎಣಿಸಿಕೊಂಡಾಗ ನನಗೆ ಮೈ ನವಿರೇಳುತ್ತದೆ.

ಹೆಸರು ಹೀಗೆ ಮರಳುವುದಕ್ಕೆ ತೊಟ್ಟಿಲಿನ ಬಳಿಯೇ ಏರ್ಪಾಡು ಇತ್ತು. ಮೊದಲ ಗಂಡುಮಗುವಿಗೆ ತಾತನ ಹೆಸರು, ಹೆಣ್ಣಾದರೆ ಅಜ್ಜಿಯ ಹೆಸರು ಎಂಬುದು ನಮ್ಮ ಕಡೆಯ ಅನೇಕ ಮನೆಗಳಲ್ಲಿ ವಾದಕ್ಕೆ ಎಡೆಯಿಲ್ಲದ ರೂಢಿಯಾಗಿದ್ದಿತು. ಸೋದರತ್ತೆಯು ಬಗ್ಗಿ ಮಗುವಿನ ಕಿವಿಯಲ್ಲಿ ಆ ಹೆಸರನ್ನು ಮೂರು ಬಾರಿ ಉಸುರಿದರೆ ಹಿರಿಯನು ಮನೆಗೆ ಮರಳಿ ಬಂದಂತೆ. ಆದರೆ ಸೊಸೆಯಾದವಳು ಮಾವನ ಹೆಸರನ್ನು ಬಾಯಿಬಿಟ್ಟು ಹೇಳಕೂಡದಷ್ಟೆ. ತನ್ನ ಮಗನನ್ನು ಆಕೆ ಕರೆಯುವುದು ಹೇಗೆ? ಪುಟ್ಟಪ್ಪ, ಪುಟ್ಟಸ್ವಾಮಿ, ಅಪ್ಪಾಜಿ, ದೊಡ್ಡಯ್ಯ ಎಂಬ ಹೆಸರುಗಳು ಬಹಳಮಟ್ಟಿಗೆ ಈ ಸಂಕೋಚದಿಂದ ಹುಟ್ಟಿ, ಮುದ್ದಿನ ಮಾತಾಗಿ ಬೆಳೆದು, ಕೊನೆಗೆ ದಾಖಲೆಯ ಹೆಸರುಗಳೇ ಆಗಿ ನಿಂತುವು. 1975ರಲ್ಲಿ ಕೌಲಾಲಂಪುರದಲ್ಲಿ ವಿಶ್ವಕಪ್ ಗೆದ್ದ ಹಾಕಿ ತಂಡದ ಬಿ. ಪಿ. ಗೋವಿಂದರ ಹೆಸರಿನಲ್ಲಿರುವ ‘ಪಿ’ ಎಂಬ ಅಕ್ಷರವನ್ನು ಬಿಡಿಸಿದರೆ ಪುಟ್ಟಸ್ವಾಮಿ ಎಂದಾಗುತ್ತದೆ. ಅದನ್ನು ಓದಿದಾಗಲೆಲ್ಲ ಯಾವುದೋ ಅಡಿಗೆಮನೆಯಿಂದ ತಾಯಿಯೊಬ್ಬಳು ಮಗನನ್ನು ಊಟಕ್ಕೆ ಕರೆಯುವ ದನಿ ನನಗೆ ಕೇಳಿದಂತಾಗುತ್ತದೆ.

ಒಂದೇ ಹೆಸರಿನವರು ಹತ್ತು ಮಂದಿ ಇದ್ದ ಮೇಲೆ ಅವರನ್ನು ಬೇರ್ಪಡಿಸುವ ಮಾತುಗಳೂ ಬೇಕಾದುವು. ದೊಡ್ಡ, ಚಿಕ್ಕ, ಕರಿ, ಕೆಂಪ, ನಡು ಎಂಬುವು ಮೈಯನ್ನೂ ಹುಟ್ಟಿದ ಕ್ರಮವನ್ನೂ ಹೇಳಿದುವು. ಮೇಗಳಮನೆ, ಹೊಸಮನೆ, ತೋಟದಮನೆ ಎಂಬುವು ಮನೆಯನ್ನು ಹೇಳಿದುವು. ಊರು ಬಿಟ್ಟು ಹೊರಟವನಿಗೆ ಊರೇ ಗುರುತಾಯಿತು. ರಾಮನಗರದ ಸುತ್ತಿನಲ್ಲಿ ಹನುಮಂತಯ್ಯನವರು ಎಷ್ಟು ಮಂದಿಯಿಲ್ಲ! ಆದರೆ ರಾಮನಗರಕ್ಕೂ ಚನ್ನಪಟ್ಟಣಕ್ಕೂ ನಡುವೆ ಹೆದ್ದಾರಿಯ ಮಗ್ಗುಲಲ್ಲಿ ನಿಂತಿರುವ ಕೆಂಗಲ್ಲಿನ ಆಂಜನೇಯನ ನೆಲೆಯನ್ನು ಹೆಸರಿನ ಮುಂದೆ ಇಟ್ಟುಕೊಂಡವರು ಒಬ್ಬರೇ. ವಿಧಾನಸೌಧವನ್ನು ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರು. ಹನುಮಂತನೆಂಬುದು ಎಲ್ಲರದು, ಕೆಂಗಲ್ ಎಂಬುದರಿಂದ ಅವರು ಅವರಾದರು.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಆಟದ ಅಂಗಳಕ್ಕೆ ಬರೋಣ. ಕರ್ನಾಟಕವು ಭಾರತಕ್ಕೆ ಕೊಟ್ಟ ಆಟಗಾರರಲ್ಲಿ ಇಬ್ಬರು ಗಣೇಶರಿದ್ದಾರೆ. ಒಬ್ಬರು ಕೊಡಗಿನ ಎಂ. ಪಿ. ಗಣೇಶ್, 1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದ ಹಾಕಿ ತಂಡದಲ್ಲಿದ್ದವರು, ಮರುವರ್ಷ ಹಾಲೆಂಡಿನ ಆಮ್‌ಸ್ಟೆಲ್‌ವೀನ್‌ನಲ್ಲಿ ನಡೆದ ವಿಶ್ವಕಪ್ಪಿನಲ್ಲಿ ನಾಯಕರಾಗಿ ತಂಡವನ್ನು ಅಂತಿಮ ಪಂದ್ಯದ ವರೆಗೆ ನಡೆಸಿದವರು. ಇನ್ನೊಬ್ಬರು ಬೆಂಗಳೂರಿನ ವೇಗದ ಬೌಲರ್, ಕನ್ನಡಿಗರು ‘ದೊಡ್ಡ ಗಣೇಶ್’ ಎಂದು ಅಭಿಮಾನದಿಂದ ಕರೆಯುವವರು. 1997ರ ಜನವರಿಯಲ್ಲಿ ಕೇಪ್‌ಟೌನ್‌ನಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ ಮೊದಲ ಟೆಸ್ಟ್ ಆಡಿ, ನಾಲ್ಕೇ ಟೆಸ್ಟುಗಳಿಗೆ ಅವಕಾಶ ಮುಗಿದರೂ, ಪ್ರಥಮ ದರ್ಜೆಯ ಪಂದ್ಯಗಳಲ್ಲಿ 365 ವಿಕೆಟ್‌ಗಳನ್ನು ಪಡೆದು ಕರ್ನಾಟಕವನ್ನು ಎತ್ತಿ ಹಿಡಿದವರು. ಇವರ ಆಳ್ತನವನ್ನು ಕಂಡವರು ‘ದೊಡ್ಡ’ ಎಂಬುದು ಮೈಕಟ್ಟಿಗೆ ಬಂದ ಬಿರುದೆಂದೇ ತಿಳಿಯುವುದು ಸಹಜ. ಬಸವನಗುಡಿಯ ದೊಡ್ಡ ಗಣೇಶನನ್ನು ನೆನೆಯುವವರಿಗಂತೂ ಬೇರೊಂದು ಅರ್ಥವೇ ಹೊಳೆಯದು. ಆದರೆ ಆ ‘ದೊಡ್ಡ’ ಅವರ ತಂದೆಯದು. ತಂದೆಯವರ ಹೆಸರು ದೊಡ್ಡನರಸಯ್ಯ; ಅದು ಮಗನ ಹೆಸರಿನ ಮುಂದೆ ನಿಂತು, ಅಂಕಪಟ್ಟಿಯ ಇಕ್ಕಟ್ಟಿನಲ್ಲಿ ಮೊಟಕಾಗಿ, ‘ದೊಡ್ಡ’ ಎಂಬಷ್ಟೇ ಉಳಿಯಿತು. ಎಂದೋ ಯಾವುದೋ ಮನೆಯಲ್ಲಿ ಇಬ್ಬರು ನರಸಯ್ಯರನ್ನು ಬೇರ್ಪಡಿಸುವುದಕ್ಕಾಗಿ ಬಂದಿರಬಹುದಾದ ಮಾತು, ಒಂದು ತಲೆಮಾರನ್ನು ದಾಟಿ, ಹಾಕಿಯ ಗಣೇಶರಿಂದ ಕ್ರಿಕೆಟ್ಟಿನ ಗಣೇಶರನ್ನು ಬೇರ್ಪಡಿಸುವ ಕೆಲಸವನ್ನು ತಾನಾಗಿ ಮಾಡಿತು. ಹಳ್ಳಿಯ ಮಾತಿನ ಬಾಳಿಕೆಗೆ ಇದಕ್ಕಿಂತ ಚೆಲುವಾದ ನಿದರ್ಶನವನ್ನು ನಾನು ಕಂಡಿಲ್ಲ.

ಇದು ನಮ್ಮಲ್ಲಿ ಮಾತ್ರ ಇರುವ ರೀತಿಯೆಂದು ಹೇಳಲಾರೆ. 1996ರ ಅಟ್ಲಾಂಟ ಒಲಿಂಪಿಕ್ಸಿನಲ್ಲಿ ಬ್ರೆಜಿಲ್ಲಿನ ಕಾಲ್ಚೆಂಡಾಟದ ತಂಡದಲ್ಲಿ ಇಬ್ಬರು ರೊನಾಲ್ಡೊಗಳಿದ್ದರು. ವಯಸ್ಸಿನಲ್ಲಿ ಹಿರಿಯನಾದ ರಕ್ಷಣೆಯ ಆಟಗಾರನು ಆ ಹೆಸರನ್ನು ಉಳಿಸಿಕೊಂಡನು, ಮುಂದೆ ಲೋಕವೆಲ್ಲ ಕೊಂಡಾಡಲಿದ್ದ ಕಿರಿಯನು ಅಂಗಿಯ ಬೆನ್ನಿನ ಮೇಲೆ ‘ರೊನಾಲ್ಡಿನೊ’ ಎಂದು ಬರೆಸಿಕೊಂಡು ಆಡಿದನು. ಅವರ ಭಾಷೆಯಲ್ಲಿ ಆ ಪ್ರತ್ಯಯಕ್ಕೆ ಅರ್ಥ ನಮ್ಮ ‘ಚಿಕ್ಕ’ ಎಂಬುದೇ. ಬೈರಮಂಗಲದ ಕಬಡ್ಡಿಯ ಬಯಲಿನಲ್ಲಿಯಾಗಿದ್ದರೆ ದೊಡ್ಡ ರೊನಾಲ್ಡೊ, ಚಿಕ್ಕ ರೊನಾಲ್ಡೊ ಎಂದು ಕ್ಷಣಮಾತ್ರದಲ್ಲಿ ತೀರ್ಮಾನವಾಗುತ್ತಿತ್ತು.

ಕೊಡವರ ಪದ್ಧತಿಯು ಇನ್ನೂ ಸುಸಂಬದ್ಧವಾದದ್ದು. ಅಲ್ಲಿ ಮೊದಲು ಬರುವುದು ಒಕ್ಕದ ಹೆಸರು, ಅಂದರೆ ಒಂದೇ ಮೂಲದಿಂದ ಕವಲೊಡೆದ ಮನೆತನದ ಹೆಸರು; ಆಮೇಲೆ ತಂದೆ, ಕಡೆಗೆ ತಾನು. ಮೊಳ್ಳೇರ ಪೂವಯ್ಯ ಗಣೇಶ್ ಎಂಬಲ್ಲಿ ಗಣೇಶನೆಂಬುದು ಎಲ್ಲಕ್ಕಿಂತ ಕಡೆಯದು; ದೀರ್ಘಕಾಲ ಭಾರತದ ಗೋಲನ್ನು ಕಾಯ್ದ ಅಂಜಪರವಂಡ ಸುಬ್ಬಯ್ಯನವರ ಹೆಸರೂ ಹಾಗೆಯೇ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಕೊಡವ ಹಾಕಿ ಉತ್ಸವವನ್ನು ಆರಂಭಿಸಿದಾಗ ತಂಡಗಳನ್ನು ಊರಿನಿಂದಾಗಲಿ ಸಂಘದಿಂದಾಗಲಿ ಕಟ್ಟದೆ ಒಕ್ಕದಿಂದಲೇ ಕಟ್ಟಿದರು. ತಂದೆ, ಮಗ, ಅಣ್ಣ, ಕೆಲವೊಮ್ಮೆ ಅಕ್ಕ ತಂಗಿಯರು ಸಹ, ಒಂದೇ ಮನೆಯ ಹೆಸರನ್ನು ಬೆನ್ನಿನ ಮೇಲೆ ಹೊತ್ತು ಕೋಲು ಹಿಡಿದು ನಿಂತರು. ಹೆಸರನ್ನೇ ತಂಡವನ್ನಾಗಿ ಮಾಡಿದ ಇಂತಹ ಕ್ರೀಡೋತ್ಸವವು ಬೇರೆಡೆ ಅಪರೂಪ. ‘ಯಾರ ಮನೆ’ ಎಂಬ ನಮ್ಮೂರ ಹಿರಿಯರ ಪ್ರಶ್ನೆಗೆ ಅಲ್ಲಿ ಆಟಕ್ಕೆ ಮೊದಲೇ ಉತ್ತರವಿರುತ್ತದೆ.

ಬಯಲುಸೀಮೆಯ ನಮಗೆ ಈ ಅನುಕೂಲವಿರಲಿಲ್ಲ. ಇಂಗ್ಲಿಷರ ಆಡಳಿತದೊಡನೆ ಶಾಲೆಯ ಹಾಜರಿ ಪುಸ್ತಕವೂ ಕಚೇರಿಯ ರಿಜಿಸ್ಟರೂ ಬಂದು, ಪ್ರತಿಯೊಬ್ಬನನ್ನೂ ಒಂದೊಂದು ಸಾಲಿನಲ್ಲಿ ಕೂರಿಸಬೇಕಾದಾಗ, ಊರನ್ನೂ ತಂದೆಯನ್ನೂ ಒಂದೊಂದು ಅಕ್ಷರಕ್ಕೆ ಇಳಿಸಿ ಹೆಸರಿನ ಮುಂದೆ ಇಡುವ ಪದ್ಧತಿ ಬಲವಾಯಿತು. ಅದನ್ನೇ ನಾವು ಇನಿಷಿಯಲ್ ಎಂದು ಕರೆದು ನಮ್ಮದಾಗಿ ಮಾಡಿಕೊಂಡೆವು. ಇದರಿಂದ ಉಪಕಾರವೂ ಆಯಿತು, ನಷ್ಟವೂ ಆಯಿತು. ಉಪಕಾರವನ್ನು ನೋಡಬೇಕಾದರೆ ಚಂದ್ರಶೇಖರರನ್ನು ನೋಡಬೇಕು. ಮೈಸೂರಿನ ಬಿ. ಎಸ್. ಚಂದ್ರಶೇಖರ್, ಬಾಲ್ಯದಲ್ಲಿ ಪೋಲಿಯೋ ತಗುಲಿ ಕೃಶವಾದ ಬಲಗೈಯಿಂದಲೇ ಚೆಂಡನ್ನು ತಿರುಗಿಸಿ, 58 ಟೆಸ್ಟುಗಳಲ್ಲಿ 242 ವಿಕೆಟ್ ಪಡೆದು, 1971ರಲ್ಲಿ ಓವಲ್ ಮೈದಾನದಲ್ಲಿ 38 ಓಟಗಳಿಗೆ 6 ಮಂದಿಯನ್ನು ಕೆಡವಿ ಇಂಗ್ಲೆಂಡಿನ ನೆಲದಲ್ಲಿ ನಮಗೆ ಮೊದಲ ಟೆಸ್ಟ್ ವಿಜಯವನ್ನು ದೊರಕಿಸಿದರು. ಕೇರಳದ ಓ. ಚಂದ್ರಶೇಖರ್ ಕಾಲ್ಚೆಂಡಾಟದವರು, ರೋಮ್ ಒಲಿಂಪಿಕ್ಸಿನ ಪಟ್ಟಿಯಲ್ಲಿ ನಮ್ಮ ಕೆಂಪಯ್ಯನವರೊಡನೆ ಇದ್ದರು, 1962ರಲ್ಲಿ ಜಕಾರ್ತದ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನ ಗೆದ್ದ ತಂಡದಲ್ಲಿಯೂ ಇದ್ದರು. ಮದರಾಸಿನ ವಿ. ಚಂದ್ರಶೇಖರ್ ಟೇಬಲ್ ಟೆನಿಸ್ಸಿನಲ್ಲಿ ಮೂರು ಬಾರಿ ರಾಷ್ಟ್ರದ ಚಾಂಪಿಯನ್ನರು. ಅದೇ ಮದರಾಸಿನ ವಿ. ಬಿ. ಚಂದ್ರಶೇಖರ್ ಕ್ರಿಕೆಟ್ಟಿನಲ್ಲಿ ಬಿರುಸಿನ ಆರಂಭದ ಬ್ಯಾಟುಗಾರರು. ತಲೆಯ ಮೇಲೆ ಚಂದ್ರನನ್ನು ಧರಿಸಿದ ದೇವನ ಹೆಸರು ದಕ್ಷಿಣ ದೇಶದಲ್ಲೆಲ್ಲ ಮನೆಮನೆಗೆ ಹರಡಿದ್ದರಿಂದ, ಮೂರು ಆಟಗಳ ನಾಲ್ವರನ್ನು ಬೇರೆಬೇರೆಯಾಗಿ ತಿಳಿಯುವುದಕ್ಕೆ ಆ ಒಂದೆರಡು ಅಕ್ಷರಗಳೇ ಆಧಾರ.

ನಷ್ಟವೆಂದರೆ, ಆ ಅಕ್ಷರಗಳ ಒಳಗೆ ಊರುಗಳು ಅಡಗಿಹೋದುವು. ಹೊರಗಿನವರಿಗಂತೂ ನಮ್ಮ ಹೆಸರಿನ ಅನ್ವಯವೇ ತಪ್ಪಿಹೋಯಿತು. ಜಾವಗಲ್ ಶ್ರೀನಾಥ್ ಎಂಬಲ್ಲಿ ಜಾವಗಲ್ಲು ಹಾಸನ ಸೀಮೆಯ ಹೊಯ್ಸಳ ದೇವಾಲಯವಿರುವ ಊರೆಂಬುದನ್ನರಿಯದ ಪರದೇಶದ ವೀಕ್ಷಕವಿವರಣೆಗಾರರು ಅದನ್ನೇ ಆತನ ಸ್ವಂತ ಹೆಸರೆಂದು ಭಾವಿಸಿದರು. ಕರಾವಳಿಯವರಲ್ಲಿ ಊರು ಹಿಂದೆ ಬರುತ್ತದೆ: ಕಾಸರಗೋಡಿನ ಕುಂಬಳೆಯು ಅನಿಲ್ ಕುಂಬ್ಳೆಯವರಲ್ಲಿ, ಕುಂದಾಪುರದ ಬಳಿಯ ಪಡುಕೋಣೆಯು ಪ್ರಕಾಶ್ ಪಡುಕೋಣೆಯವರಲ್ಲಿ ಸ್ಪಷ್ಟವಾಗಿ ಉಳಿದಿವೆ. ತಮಿಳುನಾಡಿನಲ್ಲಿ ತಂದೆಯ ಹೆಸರು ಮೊದಲು ಬರುವುದರಿಂದ ವಿಶ್ವನಾಥನ್ ಆನಂದ್ ಎಂಬ ಚದುರಂಗದ ಜಗಜ್ಜೆಟ್ಟಿಯನ್ನು ಯೂರೋಪಿನವರು ‘ವಿಶಿ’ ಎಂದು ಕರೆಯತೊಡಗಿದರು. ತಂದೆಯವರ ಹೆಸರಿನ ಮುದ್ದುರೂಪದಿಂದ ಮಗನನ್ನು ಕರೆದಂತಾಯಿತು. ಆದರೆ ಕನ್ನಡಿಗರಿಗೆ ‘ವಿಶಿ’ ಮೊದಲೇ ಒಬ್ಬರಿದ್ದರು. ಭದ್ರಾವತಿಯಲ್ಲಿ ಹುಟ್ಟಿದ ಜಿ. ಆರ್. ವಿಶ್ವನಾಥ್, 1969ರ ನವೆಂಬರಿನಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯದ ವಿರುದ್ಧ ಮೊದಲ ಟೆಸ್ಟಿನ ಮೊದಲ ಸರದಿಯಲ್ಲಿ ಸೊನ್ನೆಗೆ ಔಟಾಗಿ ಎರಡನೆಯದರಲ್ಲಿ 137 ಹೊಡೆದವರು. ಅದಾದ ಮುಂದಿನ ತಿಂಗಳಲ್ಲಿಯೇ, 1969ರ ಡಿಸೆಂಬರ್ 11ರಂದು, ಆನಂದ್ ಹುಟ್ಟಿದರು. ಒಬ್ಬ ವಿಶಿ ಬೆಳಕಿಗೆ ಬಂದ ಒಂದು ತಿಂಗಳೊಳಗೆ ಇನ್ನೊಬ್ಬ ವಿಶಿ ಲೋಕಕ್ಕೆ ಬಂದರೆಂಬುದು ಕಾಕತಾಳೀಯವೇ ಸರಿ. ಆದರೂ ಇಂತಹ ಕಾಕತಾಳೀಯಗಳನ್ನು ಬರೆದಿಟ್ಟುಕೊಳ್ಳುವುದರಲ್ಲಿ ನನಗೆ ಸಂತೋಷವಿದೆ.

ಊರು ಅಕ್ಷರದೊಳಗೆ ಅಡಗಿರುವುದಕ್ಕೆ ನಮ್ಮ ನೆರೆಯದೇ ಒಂದು ಉದಾಹರಣೆಯುಂಟು. ಕೆ. ಎಲ್. ರಾಹುಲ್ ಎಂಬ ಹೆಸರನ್ನು ಇಂದು ದೇಶದ ಮಕ್ಕಳೆಲ್ಲ ಬಲ್ಲರು. ‘ಎಲ್’ ಎಂಬುದು ತಂದೆ ಲೋಕೇಶ್. ಆ ತಂದೆಯವರ ಮೂಲ ಊರು ಮಾಗಡಿ ತಾಲ್ಲೂಕಿನ ಕಣನೂರು, ಆ ‘ಕೆ’ಯಲ್ಲಿರುವುದೂ ಅದೇ. ಬೈರಮಂಗಲದಿಂದ ನೋಡಿದರೆ ನಮ್ಮ ನೆರೆಯ ತಾಲ್ಲೂಕಿನ ಮಣ್ಣಿನ ಹೆಸರು ಅದು. ಇನ್ನು ರಾಹುಲ್ ಎಂಬುದು ಬಂದ ಬಗೆಯು ಬೇರೊಂದು ಕಥೆ. ಅದರಲ್ಲಿ ಹೆಸರಿಡುವ ಪದ್ಧತಿಯೇ ನಮ್ಮ ಕಾಲದಲ್ಲಿ ತಿರುವುಮುರುವಾದುದು ಕಾಣುತ್ತದೆ. ತಂದೆಯವರು ಸುನಿಲ್ ಗಾವಸ್ಕರರ ಅಭಿಮಾನಿಗಳು. ಗಾವಸ್ಕರರ ಮಗನಿಗೆ ಇರುವ ಹೆಸರನ್ನೇ ತಮ್ಮ ಮಗನಿಗೂ ಇಡಬೇಕೆಂದು ಬಯಸಿ, ಆ ಹೆಸರು ರೋಹನ್ ಎಂಬುದನ್ನು ರಾಹುಲ್ ಎಂದು ತಿಳಿದು, 1992ರ ಏಪ್ರಿಲಿನಲ್ಲಿ ಹುಟ್ಟಿದ ಮಗುವಿಗೆ ರಾಹುಲ್ ಎಂದು ಹೆಸರಿಟ್ಟರೆಂದು ಪ್ರಸಿದ್ಧಿಯಿದೆ. ಗಾವಸ್ಕರರಾದರೂ ತಮ್ಮ ಮಗನಿಗೆ ಆ ಹೆಸರನ್ನು ತಂದುದು ಎಲ್ಲಿಂದ? ಗಯಾನದ ಭಾರತೀಯ ಸಂತತಿಯ ಆಟಗಾರ ರೋಹನ್ ಕನ್ಹಾಯಿಯವರಿಂದ. ಅಷ್ಟಕ್ಕೇ ನಿಲ್ಲದೆ, ಕ್ರಿಕೆಟ್ಟಿನ ಜಯಸಿಂಹರನ್ನೂ ನಮ್ಮ ವಿಶ್ವನಾಥರನ್ನೂ ಕೂಡಿಸಿ ‘ಜೈವಿಶ್ವ’ ಎಂದು ನಡುವೆ ಇನ್ನೊಂದು ಹೆಸರನ್ನೂ ಸೇರಿಸಿದರು. ವಿಶ್ವನಾಥರು ಗಾವಸ್ಕರರ ತಂಗಿಯನ್ನೇ ವರಿಸಿದವರಾದ್ದರಿಂದ ಆ ಹೆಸರಿನಲ್ಲಿ ಅಭಿಮಾನದೊಡನೆ ನೆಂಟಸ್ತಿಕೆಯೂ ಸೇರಿದಂತಾಯಿತು. ತಾತನ ಹೆಸರು ನಿಂತಿದ್ದ ಸ್ಥಾನದಲ್ಲಿ ಆಟಗಾರನ ಹೆಸರು ಬಂದು ನಿಂತಿತು. ತೊಟ್ಟಿಲಿನಿಂದ ಅಂಗಳಕ್ಕೆ ಹೋಗುತ್ತಿದ್ದ ಹೆಸರುಗಳು ಅಂಗಳದಿಂದ ತೊಟ್ಟಿಲಿಗೆ ಬರತೊಡಗಿದುವು. ಆದರೆ ಉದ್ದೇಶ ಹಳೆಯದೇ: ಪೂಜ್ಯನೆಂದು ತಿಳಿದವನನ್ನು ಮಗುವಿನಲ್ಲಿ ಮರಳಿ ಕರೆತರುವುದು.

ಹೀಗೆ ಬೆಂಗಳೂರು ರಾಹುಲರ ಊರಾಯಿತು. ಇಂದೋರಿನಲ್ಲಿ ಹುಟ್ಟಿ ಇಲ್ಲಿ ಬೆಳೆದ ರಾಹುಲ್ ದ್ರಾವಿಡ್ ಒಬ್ಬರು. ಕಣನೂರಿನ ಬೇರುಳ್ಳ ರಾಹುಲ್ ಮತ್ತೊಬ್ಬರು. ಕಾಲ್ಚೆಂಡಾಟದಲ್ಲಿ, 2019ರ ಮಾರ್ಚಿನ ಅಂತಿಮ ಪಂದ್ಯದ ಹೆಚ್ಚುವರಿ ಅವಧಿಯಲ್ಲಿ ಗೋವದ ತಂಡದ ಮೇಲೆ ಏಕೈಕ ಗೋಲನ್ನು ಹೊಡೆದು ಬೆಂಗಳೂರಿನ ತಂಡಕ್ಕೆ ಲೀಗಿನ ಕಪ್ಪನ್ನು ತಂದುಕೊಟ್ಟ ರಾಹುಲ್ ಭೆಕೆ ಮೂರನೆಯವರು. ಲೋಕೇಶರು ಬಯಸಿ ತಪ್ಪಿದ ‘ರೋಹನ್’ ಎಂಬ ಹೆಸರು ಕನ್ನಡನಾಡಿಗೆ ಬಾರದೆಯೇ ಹೋಗಲಿಲ್ಲ. ಅದು ಕೊಡಗಿನ ಬೋಪಣ್ಣನವರ ಮನೆಗೆ ಬಂದು ಟೆನಿಸ್ಸನ್ನು ಸೇರಿತು. 2024ರ ಜನವರಿಯಲ್ಲಿ ರೋಹನ್ ಬೋಪಣ್ಣನವರು ನಲವತ್ತಮೂರನೆಯ ವಯಸ್ಸಿನಲ್ಲಿ ಆಸ್ಟ್ರೇಲಿಯದ ಡಬಲ್ಸ್ ಪ್ರಶಸ್ತಿಯನ್ನು ಗೆದ್ದು ಜಗತ್ತಿನ ಮೊದಲ ಸ್ಥಾನಕ್ಕೇರಿದರು.

ರಿಜಿಸ್ಟರಿನ ತಪ್ಪಿನಿಂದಲೂ ಹೆಸರುಗಳು ಹುಟ್ಟುವುದುಂಟು. ಸತತ ಒಂಬತ್ತು ವರ್ಷ ರಾಷ್ಟ್ರದ ಬ್ಯಾಡ್ಮಿಂಟನ್ ಪಟ್ಟವನ್ನು ಬಿಡದಿದ್ದ ಪ್ರಕಾಶ್ ಪಡುಕೋಣೆಯವರ ಕೈಯಿಂದ 1980ರಲ್ಲಿ ಅದನ್ನು ಪಡೆದ ಸೈಯದ್ ಮೋದಿಯವರ ನಿಜವಾದ ಹೆಸರು ಸೈಯದ್ ಮೆಹದಿ. ಶಾಲೆಗೆ ಸೇರಿಸುವಾಗ ಬರೆದುಕೊಂಡವರ ಕೈತಪ್ಪಿನಿಂದ ಮೋದಿಯಾಯಿತು, ಆ ತಪ್ಪೇ ಚರಿತ್ರೆಯಲ್ಲಿ ನಿಂತಿತು. ನಮ್ಮ ವಿಕೆಟ್ ಕೀಪರ್ ಸೈಯದ್ ಕಿರ್ಮಾನಿಯವರದೂ, ಹೈದರಾಬಾದಿನ ಕಾಲ್ಚೆಂಡಾಟದ ಸೈಯದ್ ನಯೀಮುದ್ದೀನರದೂ ಅದೇ ಪೂರ್ವಪದ. ಅಲ್ಲಿ ಅದು ವಂಶದ ಗೌರವಸೂಚನೆ. ನಮ್ಮ ದೊಡ್ಡ, ಚಿಕ್ಕಗಳಂತೆ ಬೇರ್ಪಡಿಸುವುದಕ್ಕಾಗಿ ಬಂದುದಲ್ಲ, ಕೂಡಿಸುವುದಕ್ಕಾಗಿ ಬಂದುದು.

ಹೆಣ್ಣುಮಕ್ಕಳ ಹೆಸರುಗಳ ಚರಿತ್ರೆಯು ಇನ್ನೂ ಬೇಗ ಬದಲಾಯಿತು. ಬೈರಮ್ಮ, ಕೆಂಪಮ್ಮ, ಗೌರಮ್ಮ, ಲಕ್ಷ್ಮಮ್ಮ ಎಂದು ದೇವತೆಯನ್ನೂ ಅಜ್ಜಿಯನ್ನೂ ಒಟ್ಟಿಗೆ ನೆನೆಯುತ್ತಿದ್ದ ಹೆಸರುಗಳು ಒಂದೆರಡು ತಲೆಮಾರಿನಲ್ಲಿ ಹಿಂದೆ ಸರಿದು, ‘ಅಮ್ಮ’ನು ಕಳಚಿಹೋಗಿ, ನದಿಗಳೂ ನಕ್ಷತ್ರಗಳೂ ಬಂದುವು. ಇಪ್ಪತ್ತೇಳು ನಕ್ಷತ್ರಗಳಲ್ಲಿ ಮೊದಲನೆಯದಾದ ಅಶ್ವಿನಿಯು, ಕುದುರೆಯ ಮುಖದ ಆಕಾರವುಳ್ಳದ್ದೆಂದು ಜ್ಯೋತಿಷಿಗಳು ಹೇಳುವ ನಕ್ಷತ್ರವು, ಕನ್ನಡನಾಡಿನ ಕ್ರೀಡೆಯಲ್ಲಿ ಮೂರು ಬಾರಿ ಉದಯಿಸಿತು. ಮೊದಲನೆಯವರು ಕೊಡಗಿನ ಅಶ್ವಿನಿ ನಾಚಪ್ಪ, ಪಿ. ಟಿ. ಉಷಾ ಅವರನ್ನೇ ಓಟದಲ್ಲಿ ಹಿಂದಿಕ್ಕಿ ದೇಶವನ್ನು ಬೆರಗುಗೊಳಿಸಿದವರು, 1988ರಲ್ಲಿ ಅರ್ಜುನ ಪ್ರಶಸ್ತಿಯನ್ನು ಪಡೆದವರು. 1991ರಲ್ಲಿ ಅವರ ಬಾಳನ್ನೇ ಆಧರಿಸಿದ ತೆಲುಗು ಚಲನಚಿತ್ರಕ್ಕೆ ಅವರ ಹೆಸರನ್ನೇ ಇಟ್ಟರು, ಮುಖ್ಯಪಾತ್ರವನ್ನೂ ಅವರೇ ವಹಿಸಿದರು. ಎರಡನೆಯವರು ಕುಂದಾಪುರದ ಸೀಮೆಯ ಸಿದ್ದಾಪುರದ ಬಳಿಯ ಅಶ್ವಿನಿ ಅಕ್ಕುಂಜೆ, ಓಟಗಾರ್ತಿ. ಮೂರನೆಯವರು ಕೊಡಗಿನ ಮೂಲದ ಅಶ್ವಿನಿ ಪೊನ್ನಪ್ಪ. ತಂದೆ ಹಾಕಿ ಆಡಿದವರು, ಮಗಳು ಬ್ಯಾಡ್ಮಿಂಟನ್ನನ್ನು ಹಿಡಿದರು.

2010ರ ಅಕ್ಟೋಬರಿನಲ್ಲಿ ದಿಲ್ಲಿಯಲ್ಲಿ ನಡೆದ ಕಾಮನ್‌ವೆಲ್ತ್ ಕ್ರೀಡೆಗಳನ್ನು ನಾನು ಮರೆಯಲಾರೆ. ಜವಾಹರಲಾಲ್ ನೆಹರೂ ಕ್ರೀಡಾಂಗಣದಲ್ಲಿ ನಾಲ್ವರು ಹೆಣ್ಣುಮಕ್ಕಳ 4×400 ಮೀಟರ್ ರಿಲೇ ತಂಡವು ಚಿನ್ನವನ್ನು ಗೆದ್ದಾಗ ಅವರಲ್ಲಿ ಒಬ್ಬರು ಅಶ್ವಿನಿ ಅಕ್ಕುಂಜೆ. ಅದಾದ ಒಂದೆರಡು ದಿನಗಳಲ್ಲಿಯೇ, ಜ್ವಾಲಾ ಗುಟ್ಟಾರೊಡನೆ ಆಡಿ ಮಹಿಳೆಯರ ಡಬಲ್ಸಿನ ಚಿನ್ನವನ್ನು ಗೆದ್ದವರು ಅಶ್ವಿನಿ ಪೊನ್ನಪ್ಪ. ‘ಅಶ್ವಿನಿಗೆ ಚಿನ್ನ’ ಎಂಬ ಒಂದೇ ಶೀರ್ಷಿಕೆಯನ್ನು ಒಂದೇ ವಾರದಲ್ಲಿ ಎರಡು ಬಾರಿ ಅಚ್ಚು ಹಾಕಿದ್ದರೂ ಎರಡು ಬಾರಿಯೂ ಅದು ಸತ್ಯವಾಗಿಯೇ ಇರುತ್ತಿತ್ತು. ಎರಡು ಬಾರಿಯೂ ಕನ್ನಡದ ಹುಡುಗಿಯದೇ ಆಗಿರುತ್ತಿತ್ತು. ಮುಂದಿನ ತಿಂಗಳು ಗ್ವಾಂಗ್‌ಝೌ ಏಷ್ಯನ್ ಕ್ರೀಡೆಗಳಲ್ಲಿ ಅಕ್ಕುಂಜೆಯವರು 400 ಮೀಟರ್ ಹರ್ಡಲ್ಸಿನ ಚಿನ್ನವನ್ನೂ ತಂದರು. ಮರುವರ್ಷ ಲಂಡನ್ನಿನಲ್ಲಿ ಪೊನ್ನಪ್ಪನವರೂ ಜ್ವಾಲಾರೂ ವಿಶ್ವ ಚಾಂಪಿಯನ್‌ಷಿಪ್ಪಿನ ಕಂಚನ್ನು ಗೆದ್ದರು. ಇಬ್ಬರನ್ನು ಬೇರ್ಪಡಿಸಿದುದು ಹಿಂದೆ ನಿಂತ ಒಂದೊಂದು ಪದ. ಅಕ್ಕುಂಜೆ ಎಂಬುದು ಕರಾವಳಿಯ ಮನೆತನದ ಹೆಸರು, ಪೊನ್ನಪ್ಪ ಎಂಬುದು ತಂದೆಯ ಹೆಸರು: ಅಂದರೆ, ಒಬ್ಬಳು ಇಂಥ ಮನೆಯವಳು, ಇನ್ನೊಬ್ಬಳು ಇಂಥವರ ಮಗಳು. ನಕ್ಷತ್ರದ ಹೆಸರು ಹೊಸದು; ಗುರುತು ಹೇಳುವ ಕ್ರಮ ನಮ್ಮ ಅರಳಿಕಟ್ಟೆಯದೇ.

ಆ ಹಬ್ಬದ ಸಂಜೆಗೆ ಮರಳುತ್ತೇನೆ. ಹಿರಿಯರು ನನ್ನನ್ನು ಕಟ್ಟೆಯ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡರು. ಅವರಿಗೆ ಓದು ಬರಹ ಬಾರದು. ಆದರೆ ಅವರು ಹೇಳುತ್ತ ಹೋದದ್ದನ್ನು ನಾನು ಲಾಟೀನಿನ ಬೆಳಕಿನಲ್ಲಿ ಬರೆಯುತ್ತ ಹೋದೆ. ಕೋಡಿಯ ಪಕ್ಕದ ಹೊಸಮನೆಯ ಚಿಕ್ಕಬೈರೇಗೌಡನ ಎರಡನೆಯ ಮಗ, ಊರ ಬಾವಿಗೆ ಕಟ್ಟೆ ಕಟ್ಟಿಸಿದವನ ಮೊಮ್ಮಗ ಬೈರಣ್ಣ, ಕಬಡ್ಡಿ. ಮೇಗಳಮನೆಯ ಕೆಂಪಮ್ಮನ ಮೊಮ್ಮಗ, ಮಾಗಡಿಯ ಕಡೆಯಿಂದ ಬಂದು ನೆಲೆಸಿದವರ ಪೈಕಿಯ ಬೈರಣ್ಣ, ಗುಂಡುಕಲ್ಲು. ಒಂದೊಂದು ಹೆಸರೂ ಸಾಲನ್ನು ಮೀರಿ, ಕೆಂಪು ಗೆರೆಯಾಚೆಯ ಅಂಚಿಗೆ ಹರಿದು, ಕೆಳಗಿನ ಸಾಲಿಗೆ ಇಳಿಯಿತು. ಎರಡೇ ಹೆಸರುಗಳಿಗೆ ಅರ್ಧ ಪುಟ ಹಿಡಿಯಿತು. ಬರೆದು ಮುಗಿಸಿದಾಗ ಇಬ್ಬರು ಬೈರಣ್ಣರೂ ಬಗ್ಗಿ ಆ ಪುಟವನ್ನು ನೋಡುತ್ತ ನಿಂತಿದ್ದರು. ಸುಲಿದ ಕೈಯವನು ತನ್ನ ಅಜ್ಜಿಯ ಹೆಸರಿನ ಮೇಲೆ ಬೆರಳಿಟ್ಟು, ಅದು ಎಲ್ಲಿಂದ ಎಲ್ಲಿಯವರೆಗೆ ಇದೆ ಎಂದು ನನ್ನನ್ನು ಕೇಳಿದನು.